ಮಳೆಗೆ ಬಂದ ಎಚ್ಚರಿಕೆ ಬಿಸಿಲಿಗೆ ಹೋದರೆ ಕಾರು ಸರಿಯಾಯಿತೇ?

ಮಳೆಗಾಲ ಶುರುವಾದರೆ ಸಾಕು, ಕಾರವಾರದಿಂದ ಭಟ್ಕಳದವರೆಗೆ ಎಲೆಕ್ಟ್ರಿಕ್ ಕಾರಿನವರಿಂದ ನನಗೆ ಬರುವುದು ಒಂದೇ ಪ್ರಶ್ನೆ. ಕೇಳುವವರು ಬೇರೆ, ಕಾರಿನ ಕಂಪನಿ ಬೇರೆ, ಕೊನೆಯ ಸಾಲು ಮಾತ್ರ ಅದೇ: "ಈಗ ವಾರ್ನಿಂಗ್ ಲೈಟ್ ಹೋಗಿದೆ, ಓಡಿಸಬಹುದಲ್ವಾ?" ಹಾಗಾಗಿ ಈ ಸಲ ಹೆಚ್ಚಿನ ಜಾಗ ಅದಕ್ಕೇ.

ಪ್ರಶ್ನೆ: ನನ್ನ ಕಾರಿಗೆ ಮೂರು ವರ್ಷ. ಜೋರು ಮಳೆಯಲ್ಲಿ ಕುಮಟಾದಿಂದ ಬರುವಾಗ ಪರದೆಯ ಮೇಲೆ 'ಎಲೆಕ್ಟ್ರಿಕಲ್ ಸಿಸ್ಟಮ್ ಫಾಲ್ಟ್' ಅಂತ ಹಳದಿ ಎಚ್ಚರಿಕೆ ಬಂತು. ಗಾಡಿ ಓಡುತ್ತಲೇ ಇತ್ತು. ಮನೆಗೆ ಬಂದು ಆಫ್ ಮಾಡಿದೆ. ಮರುದಿನ ಬೆಳಿಗ್ಗೆ ಸ್ಟಾರ್ಟ್ ಆಗಲಿಲ್ಲ. ಮಧ್ಯಾಹ್ನ ಬಿಸಿಲು ಬಿದ್ದ ಮೇಲೆ ತಾನಾಗೇ ಆಯಿತು. ಊರಿನ ಗ್ಯಾರೇಜಿನವರು ಸಣ್ಣ ಬ್ಯಾಟರಿಯ ನೆಗೆಟಿವ್ ತೆಗೆದು, ಹತ್ತು ನಿಮಿಷ ಬಿಟ್ಟು ಹಾಕಿ, "ಸೆನ್ಸರ್ ಪ್ರಾಬ್ಲಂ, ಏನೂ ಇಲ್ಲ" ಅಂದರು. ಹೀಗೇ ಓಡಿಸಬಹುದಾ? – ಓದುಗರು, ಅಂಕೋಲಾ

ಓಡಿಸಬೇಡಿ. ಸೆನ್ಸರ್ ಪ್ರಾಬ್ಲಂ ಅಂತ ಹೇಳಿದವರು ಏನನ್ನೂ ಅಳೆದು ನೋಡಿಲ್ಲ.

ನೀವು ಬರೆದದ್ದನ್ನು ನೋಡಿದರೆ ಇದು ಇನ್ಸುಲೇಶನ್ ತೊಂದರೆ, ಅಂದರೆ ಕರೆಂಟು ಹೋಗಬಾರದ ಕಡೆಗೆ ಸೋರುವ ತೊಂದರೆ ಇರುವ ಸಾಧ್ಯತೆಯೇ ಜಾಸ್ತಿ. ಸಣ್ಣ 12 ವೋಲ್ಟ್ ಬ್ಯಾಟರಿಯ ನೆಗೆಟಿವ್ ತಂತಿ ಕಾರಿನ ಲೋಹದ ಮೈಗೆ ಸೇರಿರುತ್ತದೆ. ಗಾಡಿ ಓಡಿಸುವ ದೊಡ್ಡ ಬ್ಯಾಟರಿ ಹಾಗಲ್ಲ. ಅದರ ಪ್ಲಸ್ಸೂ ಆ ಮೈಗೆ ತಾಗಬಾರದು, ಮೈನಸ್ಸೂ ತಾಗಬಾರದು. ಎಲ್ಲಾದರೂ ಕರೆಂಟು ಸೋರುತ್ತಿದೆಯಾ ಅಂತ ಕಾರು ಅಳೆಯುತ್ತಲೇ ಇರುತ್ತದೆ. ಓಮ್ ಅಂದರೆ ಕರೆಂಟಿಗೆ ಇರುವ ತಡೆಯ ಅಳತೆ, ಅದು ಇಳಿದಷ್ಟೂ ಸೋರಿಕೆ ಜಾಸ್ತಿ. ಡಿಸಿ ಕಡೆಗೆ, ಅಂದರೆ ಬ್ಯಾಟರಿಯ ಕಡೆಗೆ, ಸುರಕ್ಷತಾ ನಿಯಮದ ಕನಿಷ್ಠ ಮಿತಿ ಒಂದು ವೋಲ್ಟಿಗೆ 100 ಓಮ್. 350 ವೋಲ್ಟಿನ ಬ್ಯಾಟರಿಗೆ 35,000 ಓಮ್ ಆಯಿತು. ಸರಿಯಾಗಿರುವ ಕಾರಿನಲ್ಲಿ ಇದು ಲಕ್ಷಗಟ್ಟಲೆ ಓಮ್ ಇರುತ್ತದೆ. ಅಂದರೆ ಎಚ್ಚರಿಕೆ ಬರುವ ಹೊತ್ತಿಗೆ ಅಳತೆ ತುಂಬಾ ಕೆಳಗೆ ಇಳಿದಿರುತ್ತದೆ.

ಒಂದು ಕಡೆ ಮಾತ್ರ ಸೋರಿದರೆ ಶಾಕ್ ಹೊಡೆಯುವುದಿಲ್ಲ. ಕರೆಂಟು ವಾಪಸ್ ಹೋಗಲು ದಾರಿ ಇರುವುದಿಲ್ಲ. ಇನ್ನೊಂದು ಕಡೆಯೂ ಸೋರಿದ ದಿನ ಆ ದಾರಿ ಪೂರ್ತಿಯಾಗುತ್ತದೆ. ಮೊದಲ ಸೋರಿಕೆಗೇ ಕಾರು ಎಚ್ಚರಿಸುವುದು ಇದಕ್ಕಾಗಿ. ನಿಮ್ಮ ಕೈಯಲ್ಲಿ ಈಗ ಇರುವುದು ಆ ಮಧ್ಯದ ಸಮಯ. ಅದನ್ನು ಸುಮ್ನೆ ಕಳೆಯಬೇಡಿ.

ಹಾಗಾದರೆ ದಾರಿಯಲ್ಲಿ ಓಡಿದ್ದು ಮನೆಯಲ್ಲಿ ಯಾಕೆ ಸ್ಟಾರ್ಟ್ ಆಗಲಿಲ್ಲ? ಓಡುವಾಗ ನಡುರಸ್ತೆಯಲ್ಲಿ ಪವರ್ ಕಡಿದರೆ ಅದು ಇನ್ನೂ ದೊಡ್ಡ ಅಪಾಯ. ಅದಕ್ಕೆ ಹಲವು ಕಾರುಗಳು ಆ ಒಂದು ಪ್ರಯಾಣ ಮುಗಿಸಲು ಬಿಡುತ್ತವೆ. ಒಮ್ಮೆ ಆಫ್ ಮಾಡಿದ ಮೇಲೆ, ಮತ್ತೆ ಆನ್ ಮಾಡುವಾಗ ಮೊದಲು ಅಳೆದು ನೋಡುತ್ತವೆ. ಸೋರಿಕೆ ಕಂಡರೆ ದೊಡ್ಡ ಬ್ಯಾಟರಿಯನ್ನು ಗಾಡಿಗೆ ಜೋಡಿಸುವ ಸ್ವಿಚ್ಚು, ಅಂದರೆ ಕಾಂಟ್ಯಾಕ್ಟರ್, ಕೂಡುವುದೇ ಇಲ್ಲ. "ಏನೇ ಲೈಟ್ ಬಂದರೂ ಒಮ್ಮೆ ಆಫ್ ಮಾಡಿ ಆನ್ ಮಾಡಿ" ಅಂತ ಸಲಹೆ ಕೊಡುವವರು ಇದನ್ನು ತಿಳಿದುಕೊಳ್ಳಬೇಕು. ದೇವಿಮನೆ ಘಟ್ಟದ ತಿರುವಿನಲ್ಲಿ ಹಾಗೆ ಮಾಡಿ, ಕತ್ತಲಲ್ಲಿ ಮಕ್ಕಳ ಜೊತೆ ಸಿಕ್ಕಿಹಾಕಿಕೊಂಡವರನ್ನು ನೋಡಿದ್ದೇನೆ.

ಪರದೆ ಕೆಂಪಾಗಿ 'ನಿಲ್ಲಿಸಿ' ಅಂದರೆ ಮರುಮಾತಿಲ್ಲದೆ ನಿಲ್ಲಿಸಿ, ಎಲ್ಲರೂ ಇಳಿದು ದೂರ ನಿಲ್ಲಿ. ಹಳದಿ ಬಂದು ಗಾಡಿ ಓಡುತ್ತಿದ್ದರೆ ವೇಗ ಇಳಿಸಿ, ಸುರಕ್ಷಿತ ಜಾಗ ಸಿಗುವವರೆಗೆ ಆಫ್ ಮಾಡಬೇಡಿ. ಸುರಕ್ಷಿತ ಜಾಗ ಅಂದರೆ ಪೆಟ್ರೋಲ್ ಪಂಪು, ಹೋಟೆಲ್ ಅಂಗಳ, ಊರಿನ ಬಯಲು. ಕಡಿದ ಗುಡ್ಡದ ಬುಡ ಅಲ್ಲ. 2024ರ ಜುಲೈಯಲ್ಲಿ ಶಿರೂರಿನಲ್ಲಿ ಹೆದ್ದಾರಿ ಪಕ್ಕ ನಿಂತವರ ಮೇಲೆ ಗುಡ್ಡ ಬಂದದ್ದು ನಮ್ಮ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ಆಫ್ ಮಾಡುವ ಮೊದಲು ಪರದೆಯ ಫೋಟೋ ತೆಗೆದಿಡಿ. "ಏನೋ ಹಳದಿ ಬಂತು" ಅಂದರೆ ನನಗೆ ಏನೂ ತಿಳಿಯುವುದಿಲ್ಲ.

ಈಗ ಬಿಸಿಲಿನ ವಿಷಯ. ಹೊಸ ಕಾರಿನ ಬ್ಯಾಟರಿ ಸಾಮಾನ್ಯವಾಗಿ ಐಪಿ 67 ಮಟ್ಟದ್ದು. ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಇಟ್ಟರೂ ಒಳಗೆ ನೀರು ಹೋಗಬಾರದು ಅಂತ ಲೆಕ್ಕ. ಆ ಪರೀಕ್ಷೆ ಸಿಹಿನೀರಿನದ್ದು, ಹೊಸ ಸೀಲಿನದ್ದು. ನಿಮ್ಮದು ಉಪ್ಪುಗಾಳಿಯಲ್ಲಿ ಮೂರು ಮಳೆಗಾಲ ಕಂಡ ಗಾಡಿ. ಇಂಥ ಕೇಸುಗಳಲ್ಲಿ ನಾನು ಮೊದಲು ನೋಡುವುದು ಎಸಿ ಕಂಪ್ರೆಸರ್. ಅದೂ ದೊಡ್ಡ ಬ್ಯಾಟರಿಯಿಂದಲೇ ಓಡುತ್ತದೆ, ಮುಂದುಗಡೆ ತಗ್ಗಿನಲ್ಲಿ ಕೂತಿರುತ್ತದೆ, ಚಕ್ರ ಎರಚುವ ನೀರೆಲ್ಲ ಅದಕ್ಕೇ. ಅದರ ಕಿತ್ತಳೆ ಬಣ್ಣದ ಕನೆಕ್ಟರ್ ಬಿಚ್ಚಿದರೆ ರಬ್ಬರ್ ರಿಂಗು ಒಂದು ಕಡೆ ಮಡಚಿಕೊಂಡಿರುತ್ತದೆ. ಅಂಚಿನಲ್ಲಿ ಬಿಳಿ ಉಪ್ಪು. ಪಿನ್ನಿನ ಬುಡದಲ್ಲಿ ಹಸಿರು ಪುಡಿ. ನೀರು ಹೊಕ್ಕಾಗ ಆ ಉಪ್ಪು ಕರಗಿ ಕರೆಂಟಿಗೆ ದಾರಿ ಮಾಡುತ್ತದೆ. ಬಿಸಿಲಿಗೆ ನೀರು ಆರುತ್ತದೆ, ಲೈಟ್ ಹೋಗುತ್ತದೆ. ಉಪ್ಪು ಮಾತ್ರ ಅಲ್ಲೇ ಇರುತ್ತದೆ. ಮುಂದಿನ ಮಳೆಗೆ ಇನ್ನೂ ಬೇಗ ಎಚ್ಚರಿಕೆ ಬರುತ್ತದೆ.

ಗ್ಯಾರೇಜಿನವರು ನೆಗೆಟಿವ್ ತೆಗೆದದ್ದರಿಂದ ಏನಾಯಿತು ಗೊತ್ತಾ? ತೊಂದರೆ ಬಂದ ಹೊತ್ತಿನಲ್ಲಿ ವೋಲ್ಟೇಜ್ ಎಷ್ಟಿತ್ತು, ವೇಗ ಎಷ್ಟಿತ್ತು ಅಂತ ಕಾರು ಆ ತೊಂದರೆಯ ಗುರುತಿನ ಕೋಡ್ ಜೊತೆ ಬರೆದಿಟ್ಟುಕೊಳ್ಳುತ್ತದೆ. ಕೆಲವು ಕಾರುಗಳಲ್ಲಿ ಆ ದಾಖಲೆ ಹೀಗೆ ಮಾಡಿದರೆ ಅಳಿಸಿಹೋಗುತ್ತದೆ. ರೋಗ ಹಾಗೇ ಉಳಿಯಿತು, ಕೇಸ್ ಪೇಪರ್ ಮಾತ್ರ ಹರಿದು ಹಾಕಿದರು. ಐನೂರು ರೂಪಾಯಿ ತೆಗೆದುಕೊಂಡು ಕೋಡ್ ಓದುವ ಸ್ಕ್ಯಾನರಿನಲ್ಲಿ 'ಕ್ಲಿಯರ್' ಒತ್ತಿ ಕಳಿಸುವವರೂ ಮಾಡುವುದು ಇದನ್ನೇ. ನನಗೆ ಇವರ ಮೇಲೆ ಸಿಟ್ಟಿದೆ. ಮುಂದೆ ಆ ಕಾರಿಗೆ ಕೈ ಹಾಕುವ ಹುಡುಗನ ಜೀವದ ಪ್ರಶ್ನೆ ಇದು.

ಸರಿಯಾದ ರಿಪೇರಿ ಹೀಗೆ. ಮೊದಲು ಕೋಡ್ ಓದಿ ಬರೆದುಕೊಳ್ಳಬೇಕು. ದೊಡ್ಡ ಬ್ಯಾಟರಿಯ ದಾರಿ ಕಡಿಯುವ ಸರ್ವಿಸ್ ಪ್ಲಗ್ ತೆಗೆದು, ಮೋಟರಿಗೆ ಕರೆಂಟು ಕೊಡುವ ಇನ್ವರ್ಟರಿನ ಕೆಪಾಸಿಟರಿನಲ್ಲಿ ಉಳಿದ ಚಾರ್ಜ್ ಖಾಲಿಯಾಗಲು ಕಂಪನಿ ಹೇಳಿದಷ್ಟು ಹೊತ್ತು ಕಾಯಬೇಕು. ಆಮೇಲೆ ಮೀಟರಿನಲ್ಲಿ ವೋಲ್ಟೇಜ್ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು. ಕೈಯಲ್ಲಿ 1000 ವೋಲ್ಟಿನ ಗ್ಲೌಸ್ ಇರಲೇಬೇಕು. ನಂತರ ಕಂಪ್ರೆಸರ್, ಹೀಟರ್, ಚಾರ್ಜಿಂಗ್ ಪೋರ್ಟ್, ಮೋಟರ್ ಎಲ್ಲವನ್ನೂ ಒಂದೊಂದಾಗಿ ಬಿಡಿಸಿ, ಹೆಚ್ಚು ವೋಲ್ಟ್ ಕೊಟ್ಟು ಸೋರಿಕೆ ಅಳೆಯುವ ಇನ್ಸುಲೇಶನ್ ಟೆಸ್ಟರ್ ಹಚ್ಚಬೇಕು. ಯಾವುದನ್ನು ಬಿಡಿಸಿದಾಗ ಅಳತೆ ಮೇಲೇರಿತೋ ಅದೇ ಕಳ್ಳ. ಸಾಮಾನ್ಯ ಮಲ್ಟಿಮೀಟರಿನಲ್ಲಿ ಓಮ್ ನೋಡಿ "ಸರಿ ಇದೆ" ಅನ್ನುವವರನ್ನು ನಂಬಬೇಡಿ. ಕೆಲವೇ ವೋಲ್ಟಿನಲ್ಲಿ ಅಳೆಯುವ ಮೀಟರಿಗೆ ನೂರಾರು ವೋಲ್ಟಿನಲ್ಲಿ ಸೋರುವುದು ಕಾಣಿಸದೇ ಹೋಗಬಹುದು. ನಿಮ್ಮ ಊರಿನಲ್ಲಿ ಈ ಸಲಕರಣೆ ಇಲ್ಲದಿದ್ದರೆ ಕಂಪನಿ ಸರ್ವಿಸ್ ಸೆಂಟರಿಗೆ ಕಳಿಸಿ. ಹಗ್ಗ ಕಟ್ಟಿ ಎಳೆಯಬೇಡಿ. ಚಕ್ರ ತಿರುಗಿದರೆ ಮೋಟರ್ ತಿರುಗುತ್ತದೆ, ತಿರುಗಿದರೆ ಕರೆಂಟು ಹುಟ್ಟುತ್ತದೆ. ನಾಲ್ಕೂ ಚಕ್ರ ಮೇಲೆ ಹತ್ತುವ ಲಾರಿಯೇ ಬೇಕು.

ಇನ್ನೊಂದು ಮಾತು. ನಮ್ಮ ಕಡೆ ಮಳೆಗಾಲಕ್ಕೆ ಮುಂಚೆ ತುಕ್ಕು ಹಿಡಿಯಬಾರದು ಅಂತ ಗಾಡಿಯ ಅಡಿಗೆ ಡೀಸೆಲ್ಲೋ ಹಳೆ ಆಯಿಲ್ಲೋ ಹೊಡೆಸುತ್ತಾರೆ. ಎಲೆಕ್ಟ್ರಿಕ್ ಕಾರಿಗೆ ದಯವಿಟ್ಟು ಬೇಡ. ಎಣ್ಣೆ ತಾಗಿದರೆ ಹಲವು ಬಗೆಯ ರಬ್ಬರ್ ಸೀಲು ಉಬ್ಬಿ ಹಾಳಾಗುತ್ತದೆ. ಕಿತ್ತಳೆ ಕನೆಕ್ಟರಿನ ಹತ್ತಿರ ಪ್ರೆಶರ್ ವಾಶ್ ಕೂಡ ಬೇಡ.

ಪ್ರಶ್ನೆ: ಕುಮಟಾದಿಂದ ಶಿರಸಿಗೆ ಘಟ್ಟ ಹತ್ತುವಾಗ ಆಮೆ ಚಿತ್ರ ಬಂತು. ಚಾರ್ಜ್ ಇನ್ನೂ 45 ಶೇಕಡಾ ಇತ್ತು. ಬ್ಯಾಟರಿ ಹೋಯಿತಾ? – ಓದುಗರು, ಶಿರಸಿ

ಹೋಗಿಲ್ಲ. ಆಮೆ ಅಂದರೆ ಪವರ್ ಕಡಿಮೆ ಮಾಡಿದ್ದೇನೆ ಅಂತ ಅರ್ಥ. ಚಾರ್ಜ್ ಇದ್ದೂ ಬಂದರೆ ಮೋಟರ್, ಇನ್ವರ್ಟರ್ ಇಲ್ಲವೇ ಬ್ಯಾಟರಿ ಬಿಸಿಯಾಗಿರಬಹುದು. ಪಕ್ಕಕ್ಕೆ ನಿಲ್ಲಿಸಿ, ಪಾರ್ಕಿನಲ್ಲಿ ಹಾಕಿ, ಆಫ್ ಮಾಡದೆ ಬಿಡಿ, ಕೂಲಂಟ್ ಪಂಪು ಓಡಲಿ. ಕಡಿಮೆ ಜನ ಇದ್ದು, ನಿಧಾನ ಹತ್ತಿದರೂ ಮತ್ತೆ ಬಂದರೆ ಕೂಲಂಟ್ ಮಟ್ಟ, ಪಂಪು ನೋಡಿಸಿ. ಕೂಲಂಟ್ ಕಡಿಮೆ ಅಂತ ಬಾವಿ ನೀರು ಸುರಿಯಬೇಡಿ.

ಪ್ರಶ್ನೆ: ಬೇಸಿಗೆ ರಜೆ ಪೂರ್ತಿ ಕಾರು ನಿಂತಿತ್ತು. ಈಗ ಪರದೆ ತುಂಬಾ ಎಚ್ಚರಿಕೆ. – ಓದುಗರು, ಹೊನ್ನಾವರ

ಮೊದಲು 12 ವೋಲ್ಟ್ ಬ್ಯಾಟರಿ ಅಳೆಯಿರಿ, 12ಕ್ಕಿಂತ ಕೆಳಗಿದ್ದರೆ ಕಾರಣ ಅಲ್ಲೇ ಸಿಕ್ಕಿತು.

ಪ್ರಶ್ನೆ: ಆನ್‌ಲೈನಿನಲ್ಲಿ ಸಿಗುವ ಬ್ಲೂಟೂತ್ ಸ್ಕ್ಯಾನರ್ ತಗೊಳ್ಳಲಾ? – ಓದುಗರು, ಕಾರವಾರ

ಕೋಡ್ ಓದಲು ತಗೊಳ್ಳಿ, ಅಳಿಸಲು ಬೇಡ.

ಪ್ರಶ್ನೆ: ಶಿರಸಿಯ ಮನೆಯಲ್ಲಿ 100 ಶೇಕಡಾ ಚಾರ್ಜ್ ಮಾಡಿ ಘಟ್ಟ ಇಳಿಯುವಾಗಲೆಲ್ಲ 'ರೀಜನ್ ಲಿಮಿಟೆಡ್' ಅಂತ ಬರುತ್ತದೆ, ಗಾಡಿ ಮೊದಲಿನಂತೆ ತಡೆಯುವುದಿಲ್ಲ. – ಓದುಗರು, ಶಿರಸಿ

ರೀಜನ್ ಅಂದರೆ ಗಾಡಿ ನಿಧಾನ ಆಗುವಾಗ ಮೋಟರಿನಿಂದ ಕರೆಂಟು ಹುಟ್ಟಿಸಿ ಬ್ಯಾಟರಿಗೆ ತುಂಬಿಸುವುದು. ತುಂಬಿದ ಬ್ಯಾಟರಿಗೆ ಇನ್ನೆಲ್ಲಿ ತುಂಬಿಸುವುದು? ಶಿರಸಿ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರ. ಜನ ಸೇರಿ 1600 ಕಿಲೋ ತೂಗುವ ಕಾರು ಅಲ್ಲಿಂದ ಕುಮಟಾಕ್ಕೆ ಇಳಿಯುವಾಗ ಸುಮಾರು ಎರಡೂವರೆ ಯೂನಿಟ್ ಶಕ್ತಿ ಬಿಡುತ್ತದೆ. ದಾರಿಯುದ್ದಕ್ಕೂ ಅದರಲ್ಲಿ ದೊಡ್ಡ ಪಾಲು ಗಾಳಿಗೆ, ಟಯರಿಗೆ ಹೋಗುತ್ತದೆ, ಆದರೆ ಕಡಿದಾದ ಘಟ್ಟದಲ್ಲಿ ಉಳಿದದ್ದಕ್ಕೆ ಬ್ಯಾಟರಿಯಲ್ಲಿ ಜಾಗ ಬೇಕು. ಇದು ಕಾರಿನ ದೋಷ ಅಲ್ಲ. ಆದರೆ ಒದ್ದೆ ರಸ್ತೆಯ ತಿರುವಿನಲ್ಲಿ, ಪೆಡಲಿನಿಂದ ಕಾಲು ತೆಗೆದರೆ ಗಾಡಿ ತಾನೇ ನಿಧಾನ ಆಗುತ್ತದೆ ಅಂತ ನಂಬಿದವರಿಗೆ ಇದು ಅಪಾಯ. ಘಟ್ಟ ಇಳಿಯುವ ದಿನ 85ಕ್ಕೇ ಚಾರ್ಜ್ ನಿಲ್ಲಿಸಿ. ಮೇಲೆಯೇ ಒಮ್ಮೆ ಬ್ರೇಕ್ ಒತ್ತಿ ನೋಡಿಕೊಂಡು ಇಳಿಯಿರಿ.