ಐಜಿಜಿ ಪಾಸಿಟಿವ್ ಇದ್ದರೂ ತುಟಿ ಗುಳ್ಳೆ ಯಾಕೆ ಮರಳುತ್ತದೆ?

ಹರ್ಪಿಸ್ ಐಜಿಜಿ ಪಾಸಿಟಿವ್, ಅಂದರೆ ತುಟಿ ಗುಳ್ಳೆ ತರುವ ಹರ್ಪಿಸ್ ವೈರಸ್ ವಿರುದ್ಧದ ಐಜಿಜಿ ಎಂಬ ಪ್ರತಿಕಾಯ ರಕ್ತದಲ್ಲಿದೆ ಅಂದಮೇಲೆ ರಕ್ಷಣೆ ಇದೆ ಅಲ್ವಾ, ಮತ್ತೆ ಗುಳ್ಳೆ ಯಾಕೆ ಅಂತ ಕೇಳಿದ್ದೀರಿ. ವೈರಸ್ ನರಗಳ ಗಂಟಿನಲ್ಲಿ ಅಡಗಿ ಕೂರುತ್ತದೆ, ಅದು ಗೊತ್ತಿರುವ ಕಥೆ. ಹೊರಬಂದಾಗ ಅದು ಮಾಡುವ ಕಿತಾಪತಿ ಇನ್ನೂ ಜೋರು. ಪ್ರತಿಕಾಯ ತನ್ನ ಎರಡು ಕೈಗಳಿಂದ ವೈರಸ್ಸನ್ನು ಹಿಡಿಯುತ್ತದೆ, ಬಾಲ ತೋರಿಸಿ ರಕ್ಷಣಾ ಕಣಗಳನ್ನು ಕರೆಯುತ್ತದೆ. ಎಚ್‌ಎಸ್‌ವಿ-1 ಎಂಬ ಈ ಹರ್ಪಿಸ್ ವೈರಸ್ಸಿನ ಮೈಮೇಲಿನ ಜಿಇ, ಜಿಐ ಪ್ರೋಟೀನುಗಳು ಜೊತೆಗೂಡಿ ಆ ಬಾಲವನ್ನೇ ಹಿಡಿದುಬಿಡುತ್ತವೆ! ಕೈ ವೈರಸ್ಸಿನದೇ ಜಿಡಿ ಪ್ರೋಟೀನಿನ ಮೇಲೆ, ಬಾಲ ಜಿಇ ಹಿಡಿತದಲ್ಲಿ. ಇನ್ನು ಯಾರನ್ನು ಕರೆಯುವುದು? ಐಜಿಜಿಯ ಒಂದು ಬಗೆಯಾದ ಐಜಿಜಿ3 ಮಾತ್ರ ಈ ಹಿಡಿತಕ್ಕೆ ಸಿಗುವುದಿಲ್ಲ. ಜಿಸಿ ಎಂಬ ಇನ್ನೊಂದು ಪ್ರೋಟೀನು ಸಿ3ಬಿಗೆ ಅಂಟಿಕೊಂಡು ಕಾಂಪ್ಲಿಮೆಂಟ್ (ಸಿ3ಬಿಯಂಥ ರಕ್ತದ ರಕ್ಷಣಾ ಪ್ರೋಟೀನುಗಳ ಪಡೆ) ದಾಳಿಗೂ ಅಡ್ಡಗಾಲು ಹಾಕುತ್ತದೆ. ನಿಮ್ಮ ರಿಪೋರ್ಟ್ ಹೇಳುವುದು ಸೋಂಕು ತಗುಲಿದೆ ಅಂತ ಅಷ್ಟೇ. ಗುಳ್ಳೆ ಜಾಸ್ತಿ ಬರುತ್ತಿದ್ದರೆ ಅಸೈಕ್ಲೋವಿರ್ ಎಂಬ ವೈರಸ್ ತಡೆಯುವ ಔಷಧದ ಬಗ್ಗೆ ಡಾಕ್ಟರನ್ನು ಕೇಳಿ.