14 ಜನರ ಕಾಯರ್ ಸ್ಕಾಟ್ಲೆಂಡಿನ ಸಂಯೋಜಕ ಮ್ಯಾಕ್‌ಮಿಲನ್ ಅವರ ‘ಮಿಸೆರೆರೆ’ ಹಾಡಬಹುದಾ? ಶ್ರುತಿ ಇಳಿಯದಂತೆ ಆರ್ಗನ್ ಆಸರೆ ಕೊಟ್ಟರೆ ತಪ್ಪಾ?

ಮೂರು ನಿಮಿಷಕ್ಕೇ ಶ್ರುತಿ ಇಳಿಯುತ್ತೆ, ಆದರೂ ಈಸ್ಟರ್‌ಗೆ ಮುಂಚಿನ ಪವಿತ್ರ ವಾರಕ್ಕೆ ಹಾಡಲೇಬೇಕು ಅಂತ ಬರೆದಿದ್ದೀರಲ್ಲ, ಅದನ್ನು ಓದುತ್ತಿದ್ದ ಹಾಗೆ ನನ್ನ ಬೆನ್ನು ತಣ್ಣಗಾಯಿತು. ನಾನೂ ಅಲ್ಲೇ ನಿಂತಿದ್ದವನು.

ಆಗ ಗ್ಲಾಸ್ಗೋದಲ್ಲಿ ಓದುತ್ತಿದ್ದೆ. ಊರು ಮಂಗಳೂರು ಕಡೆ. ಚಿಕ್ಕಂದಿನಿಂದ ಚರ್ಚಿನಲ್ಲಿ ಹಾಡಿದ ಅಭ್ಯಾಸ ಇತ್ತು, ಹಾಗಾಗಿ ಅಲ್ಲೂ ಒಂದು ಕಾಯರ್ ಸೇರಿದೆ. ನಾವು 18 ಜನ. ಮಂಗಳವಾರದ ಪ್ರಾಕ್ಟೀಸ್ ನಡೆಸೋ ಜವಾಬ್ದಾರಿ ನನಗೇ ಬಂತು. ಜೇಮ್ಸ್ ಮ್ಯಾಕ್‌ಮಿಲನ್ ಅಂದ್ರೆ ಅಲ್ಲಿನವರಿಗೆ ಮನೆಯವರ ಹಾಗೆ. ಅವರು ಅದೇ ಊರಿನ ಮೇರಿಹಿಲ್‌ನಲ್ಲಿರುವ ಸೇಂಟ್ ಕೊಲಂಬಾ ಚರ್ಚಿನಲ್ಲಿ ಹವ್ಯಾಸಿಗಳ ಕಾಯರ್ ನಡೆಸಿದವರು. ಹಾಗಾಗಿ ‘ಮಿಸೆರೆರೆ’ ಹಾಡೋಣ ಅಂದಾಗ ಯಾರೂ ಬೇಡ ಅನ್ನಲಿಲ್ಲ. ನಾನಂತೂ ಅನ್ನಲೇ ಇಲ್ಲ.

ಅದು ನಮ್ಮ ಬೈಬಲ್‌ನ 51ನೇ ಕೀರ್ತನೆ. ಹಳೆಯ ಲ್ಯಾಟಿನ್ ಬೈಬಲ್‌ನಲ್ಲಿ ಇದೇ 50ನೆಯದು, ಸ್ಕೋರ್ ಹುಡುಕುವಾಗ ಗೊಂದಲ ಆಗಬಾರದು ಅಂತ ಹೇಳುತ್ತಿದ್ದೇನೆ. 17ನೇ ಶತಮಾನದಲ್ಲಿ ವ್ಯಾಟಿಕನ್‌ನ ಸಿಸ್ಟೀನ್ ಚಾಪೆಲ್‌ಗಾಗಿ ಇಟಲಿಯ ಸಂಯೋಜಕ ಅಲ್ಲೇಗ್ರಿ ರಾಗ ಹಾಕಿದ ಮಾತುಗಳೂ ಇವೇ. ಮ್ಯಾಕ್‌ಮಿಲನ್ ಬರೆದದ್ದು 2009ರಲ್ಲಿ, ‘ದಿ ಸಿಕ್ಸ್‌ಟೀನ್’ ಅನ್ನೋ ವೃತ್ತಿಪರ ಗಾಯಕರ ತಂಡಕ್ಕೆ. ಸುಮಾರು ಹನ್ನೆರಡು ನಿಮಿಷ, ವಾದ್ಯ ಇಲ್ಲವೇ ಇಲ್ಲ.

ಈಗ ನನ್ನ ತಪ್ಪು. ಆರು ವಾರ ಪೂರ್ತಿ ನಾನು ಕೀಬೋರ್ಡ್ ನುಡಿಸುತ್ತಲೇ ಪ್ರಾಕ್ಟೀಸ್ ಮಾಡಿಸಿದೆ. ಪಾಠ ಬೇಗ ಆಗುತ್ತೆ ಅಂತ. ಆಯಿತು ಕೂಡ. ಎರಡನೇ ವಾರಕ್ಕೇ ಎಲ್ಲರ ಸ್ವರ ಸರಿಯಾಗಿ ಬರುತ್ತಿತ್ತು. ಆದರೆ ಅವರು ಹಾಡುತ್ತಿದ್ದದ್ದು ಕೀಬೋರ್ಡ್ ಜೊತೆ. ಪಕ್ಕದವರ ಜೊತೆ ಅಲ್ಲ. ಆಲ್ಟೊದವರು (ಹೆಂಗಸರ ಕೆಳದನಿ) ಟೆನರ್ (ಗಂಡಸರ ಮೇಲ್ದನಿ) ಕಡೆ ಕಿವಿ ಕೊಡುವ ಅಗತ್ಯವೇ ಬೀಳಲಿಲ್ಲ. ಬೆರಳು ಸ್ವರ ಕೊಡುತ್ತಿತ್ತು, ಇವರು ಅದರ ಹಿಂದೆ ಹೋಗುತ್ತಿದ್ದರು. ಇಷ್ಟೇ ಅಲ್ಲ. ಕೀಬೋರ್ಡ್‌ನ ಗಾಂಧಾರ ತಂಬೂರದ ಗಾಂಧಾರಕ್ಕಿಂತ ಸ್ವಲ್ಪ ಮೇಲೆ ಕೂತಿರುತ್ತೆ. ಅಕ್ಕಪಕ್ಕದ ಎರಡು ಕೀಗಳ ನಡುವಿನ ಅಂತರವನ್ನು 100 ಭಾಗ ಮಾಡಿದರೆ ಸುಮಾರು 14 ಭಾಗ ಮೇಲೆ. ಕಂಠಗಳು ಒಂದನ್ನೊಂದು ಕೇಳಿಕೊಂಡು ಹಾಡಿದರೆ ತಾವಾಗಿಯೇ ಶುದ್ಧ ಗಾಂಧಾರಕ್ಕೆ ಹೋಗಿ ನಿಲ್ಲುತ್ತವೆ. ನಾನು ಆರು ವಾರ ಅದಕ್ಕೆ ಬಿಡಲೇ ಇಲ್ಲ.

ಇನ್ನೊಂದು ವಿಷಯ. ಈ ಹಾಡಿನಲ್ಲಿ ಒಂದೇ ಕಾರ್ಡ್ (ಒಟ್ಟಿಗೆ ಕೇಳುವ ಸ್ವರಗಳ ಗುಚ್ಛ) ಮೇಲೆ ಮಾತಿನ ನಡೆಯಲ್ಲಿ ಪದಗಳು ಸಾಗುವ ಜಾಗಗಳಿವೆ. ಕೇಳಲು ಸುಲಭ, ಆದರೆ ಶ್ರುತಿ ಜಾರೋದು ಅಲ್ಲೇ. ಅದೇ ಸ್ವರವನ್ನು ಹತ್ತು ಸಲ ಹಾಡುವಾಗ ಪ್ರತಿ ಸಲವೂ ಕೂದಲೆಳೆಯಷ್ಟು ಕೆಳಗೆ ಹೋಗುತ್ತೆ, ಯಾರಿಗೂ ಗೊತ್ತಾಗಲ್ಲ. ಕೀಬೋರ್ಡ್ ಇದ್ದಾಗ ಅದು ಎತ್ತಿ ಕೂರಿಸುತ್ತಿತ್ತು. ಬುಧವಾರ ಸಂಜೆ ಚರ್ಚಿನಲ್ಲಿ ಜನರ ಮುಂದೆ ಹಾಡುವಾಗ ಎತ್ತುವವರು ಇರಲಿಲ್ಲ.

ಹಾಡು ಶುರುವಾಗೋದು ಮಂಕು ಛಾಯೆಯ ಇ ಮೈನರ್‌ನಲ್ಲಿ, ಮುಗಿಯೋದು ಬೆಳಕಿನ ಛಾಯೆಯ ಇ ಮೇಜರ್‌ನಲ್ಲಿ. ಕತ್ತಲ ಕೋಣೆಯಲ್ಲಿ ಯಾರೋ ಕಿಟಕಿ ತೆರೆದ ಹಾಗೆ ಆ ಕೊನೆ. ನಾವು ಅಲ್ಲಿಗೆ ಬರುವಷ್ಟರಲ್ಲಿ ಶ್ರುತಿ ಇಳಿದು, ಎಲ್ಲಕ್ಕಿಂತ ಕೆಳದನಿಯ ಬೇಸ್‌ನವರ ಕೆಳಗಿನ ಸ್ವರಗಳು ಬರೀ ಗಾಳಿಯಾಗಿದ್ದವು. ಜನ ಹೋದ ಮೇಲೆ ನಮ್ಮ ಆರ್ಗನಿಸ್ಟ್, ಎಪ್ಪತ್ತು ದಾಟಿದ ಅಮ್ಮ, ನನ್ನನ್ನು ಕರೆದರು. ಏನೂ ಹೇಳಲಿಲ್ಲ. ಒಂದೇ ಒಂದು ಕೀ ಒತ್ತಿ ಹಿಡಿದರು. ಅದು ಇ. ನನ್ನ ಕಿವಿಯಲ್ಲಿ ಇನ್ನೂ ಇದ್ದ ನಮ್ಮ ಕೊನೆಯ ಸ್ವರ ಅದಕ್ಕಿಂತ ಪೂರ್ತಿ ಒಂದು ಕೀ ಕೆಳಗಿತ್ತು.

ನಿಮ್ಮ ಆರ್ಗನ್ ಪ್ರಶ್ನೆಗೆ ಬರುತ್ತೇನೆ. ನಿಯಮದ ಅಡ್ಡಿ ಇಲ್ಲ. ಕ್ಯಾಥಲಿಕ್ ಪೂಜೆಯಲ್ಲಿ ತಪಸ್ಸುಕಾಲದಲ್ಲೂ (ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು) ಹಾಡಿಗೆ ಆಸರೆಯಾಗಿ ಆರ್ಗನ್ ನುಡಿಸಬಹುದು. ಆದರೂ ಬೇಡ ಅಂತೀನಿ. ಅದು ನನ್ನ ಕೀಬೋರ್ಡ್ ತಪ್ಪೇ, ದೊಡ್ಡ ಗಾತ್ರದಲ್ಲಿ. ಜೊತೆಗೆ ನೀವು ಶ್ರುತಿ ಶ್ರುತಿ ಅಂತೀರಿ, ನನಗೆ ಕಾಣೋದು ಉಸಿರು. ಈ ಹಾಡು ಒಟ್ಟಿಗೆ ಹಾಡುವ ಎಂಟು ದನಿಯ ಭಾಗವಾಗಿ ಒಡೆಯುತ್ತೆ. 14 ಜನರನ್ನು ಎಂಟಕ್ಕೆ ಹಂಚಿದರೆ ಕೆಲವು ಭಾಗಕ್ಕೆ ಒಬ್ಬರೇ. ಅವರು ಉಸಿರು ಎಳೆದ ಕ್ಷಣ ಆ ಸ್ವರ ಖಾಲಿ. ಮೂರು ಜನ ಇದ್ದರೆ ಸರದಿ ಪ್ರಕಾರ ಉಸಿರು ತೆಗೆದುಕೊಳ್ಳಬಹುದು, ಕೇಳುವವರಿಗೆ ತಿಳಿಯೋದೇ ಇಲ್ಲ. ಹಾಗಾಗಿ ಈ ವರ್ಷ ಇದು ಬೇಡ. 24 ಜನ ಆಗೋವರೆಗೂ ಬೇಡ.

ಬದಲಿಗೆ ಅದೇ ಕೀರ್ತನೆಯನ್ನು ಚರ್ಚಿನ ಹಳೆಯ ಗ್ರೆಗೋರಿಯನ್ ಧಾಟಿಯಲ್ಲಿ ಎಲ್ಲರೂ ಒಂದೇ ಸಾಲಾಗಿ ಹಾಡಿ. ಲ್ಯಾಟಿನ್ ಮಾತು ಬಾಯಲ್ಲಿ ಕೂರಲಿ. ‘ಕೊರ್ ಕೊಂತ್ರೀತುಂ’ ಅಂದ್ರೆ ಅರೆದು ಪುಡಿಯಾದ ಹೃದಯ. ಅದನ್ನು ದೇವರು ತಳ್ಳಿಬಿಡಲ್ಲ ಅನ್ನೋ ಸಾಲು ಅದು. ನಮ್ಮಲ್ಲಿ ಅರ್ಧ ಜನಕ್ಕೆ ಅದು ಗೊತ್ತಿಲ್ಲದೇ ಹಾಡಿದ್ದೆವು.

ಈಸ್ಟರ್ ಆದ ಮೇಲೆ ನಾನು ಕೀಬೋರ್ಡ್ ಮುಚ್ಚಿ ಫೋನಿನಲ್ಲಿ ತಂಬೂರ ಹಾಕಿದೆ. ಅಲ್ಲಿನವರಿಗೆ ಹೊಸದು, ಆದರೆ ಒಂದೇ ಸಂಜೆಗೆ ಹಿಡಿದುಬಿಟ್ಟರು. ವೃತ್ತವಾಗಿ ನಿಂತೆವು, ಒಂದೇ ಭಾಗದವರು ಪಕ್ಕಪಕ್ಕ ಇರದ ಹಾಗೆ. ಎರಡು ವರ್ಷ ನನ್ನ ಪಕ್ಕದಲ್ಲೇ ನಿಂತಿದ್ದ ಆಲ್ಟೊ ಒಬ್ಬರು ನನ್ನ ಕಡೆ ತಿರುಗಿ, “ನಿನ್ನ ದನಿ ನನಗೆ ಇವತ್ತೇ ಕೇಳಿಸಿದ್ದು” ಅಂದರು.

ನೀವೂ ಈ ವಾರವೇ ಮಾಡಿ ನೋಡಿ. ಯಕ್ಷಗಾನದವರು ಹೇಳೋ ಬಿಳಿ ಮೂರು, ಅದೇ ಇ. ತಂಬೂರದಲ್ಲಿ ಅದಕ್ಕೆ ಸಾ-ಪಾ ಇಟ್ಟು, ಮೊದಲ ಹತ್ತು ನಿಮಿಷ ಬರೀ ‘ಮಿಸೆರೆರೆ ಮೇಯಿ’ (ನನ್ನನ್ನು ಕರುಣಿಸು) ಅಷ್ಟೇ ಹಾಡಿಸಿ. ಆಮೇಲೆ ತಂಬೂರ ನಿಲ್ಲಿಸಿ, ಎರಡು ನಿಮಿಷ ಹಾಗೇ ಹಾಡುತ್ತಿರಿ, ಮತ್ತೆ ಶುರು ಮಾಡಿ. ಎಷ್ಟು ಇಳಿದಿದ್ದೀರಿ ಅಂತ ಅವರ ಕಿವಿಗೇ ಗೊತ್ತಾಗುತ್ತೆ, ನೀವು ಹೇಳಬೇಕಾಗಿಲ್ಲ.