ಕುರ್ಚಿ ಬಿಟ್ಟೆದ್ದರೆ ಕೆಳಗಿಳಿದಂತೆಯೇ?

ಪತ್ರ: ಮನಃಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಮೂರು ವರ್ಷ ಖಾಸಗಿ ಕೇಂದ್ರವೊಂದರಲ್ಲಿ ಆಪ್ತಸಮಾಲೋಚಕಿಯಾಗಿದ್ದೆ. ಈಗ ಅದನ್ನು ಬಿಟ್ಟು ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಎಂ.ಎಸ್.ಡಬ್ಲ್ಯು.ಗೆ ಸೇರಿದ್ದೇನೆ. ‘ಎ.ಸಿ. ಕೋಣೆ ಬಿಟ್ಟು ಓಣಿ ಸುತ್ತಲು ಹೊರಟಳು’ ಎಂದು ಮನೆಯವರಿಗೆ ಬೇಸರ. ಬರುವವರು ಯಾರೇ ಇರಲಿ, ಎಲ್ಲರನ್ನೂ ಒಂದೇ ರೀತಿ ನೋಡುತ್ತೇನೆ, ಆ ಹೆಮ್ಮೆ ನನಗಿದೆ. ನಾನು ಹಿಂದಕ್ಕೆ ಹೋಗುತ್ತಿದ್ದೇನೆಯೇ?
– ಓದುಗರೊಬ್ಬರು, ದಾವಣಗೆರೆ

ಸಂಪಾದಕರ ಉತ್ತರ: ಮೊದಲು ಕೋಣೆಯ ಪರವಾಗಿ ಒಂದು ಮಾತು. ಗಂಡನಿಂದ ಏಟು ತಿನ್ನುವವಳು ಅತ್ತೆ ಕೂತಿರುವ ನಡುಮನೆಯಲ್ಲಿ ಬಾಯಿ ಬಿಡುವುದಿಲ್ಲ. ಅವಳಿಗೆ ಮುಚ್ಚಿದ ಬಾಗಿಲೇ ಬೇಕು. ಒಪ್ಪಿದೆ.

ಆದರೆ ಆ ಬಾಗಿಲವರೆಗೆ ಬರುವವರು ಎಷ್ಟು ಮಂದಿ? ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮಾನಸಿಕ ಕಾಯಿಲೆ ಇರುವವರಲ್ಲಿ ಶೇಕಡಾ 70ಕ್ಕೂ ಹೆಚ್ಚು ಜನ ಚಿಕಿತ್ಸೆಯ ಹೊರಗಿದ್ದರು. ಬರುವವರ ಪಾಡನ್ನೂ ಕೇಳಿ. ನನ್ನ ಚಿಕ್ಕಮ್ಮನನ್ನು ಒಮ್ಮೆ ಇಂಥದೊಂದು ಕೇಂದ್ರಕ್ಕೆ ಕರೆದೊಯ್ದಿದ್ದೆ. ಮೂರನೆಯ ಮಹಡಿ, ಲಿಫ್ಟ್ ಕೆಟ್ಟಿತ್ತು, ತುಂಬಬೇಕಾದ ಫಾರಂ ಪೂರ್ತಿ ಇಂಗ್ಲಿಷ್. ‘ಜೀವ ಒಂದು ಕಡೆ ನಿಲ್ಲುತ್ತಿಲ್ಲಮ್ಮ, ಎದೆ ಡವಡವ ಅನ್ನುತ್ತದೆ’ ಎಂದರು ಚಿಕ್ಕಮ್ಮ. ಎದುರಿಗಿದ್ದ ಹುಡುಗಿ ಇಸಿಜಿ ಮಾಡಿಸಿಕೊಂಡು ಬರಲು ಹೇಳಿದಳು! ಹೃದಯ ಪರೀಕ್ಷಿಸಿದ್ದು ತಪ್ಪಲ್ಲ. ಮನೆಯಲ್ಲಿ ಯಾರಿದ್ದಾರೆ, ಚಿಕ್ಕಪ್ಪ ತೀರಿಕೊಂಡು ಎಷ್ಟು ದಿನವಾಯಿತು ಎಂದು ಕೇಳಲೇ ಇಲ್ಲವಲ್ಲ, ಅದು ತಪ್ಪು.

ನೀವು ಹಿಡಿದ ದಾರಿ ಈ ಪ್ರಶ್ನೆಗಳದ್ದು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅಂಗಳದಲ್ಲಿ ಡೇರೆ ಹಾಕಿಸಿ ರೋಗಿಗಳ ಜೊತೆಗೆ ಮನೆಯವರನ್ನೂ ಇರಿಸಿಕೊಂಡರು. ಬಿಟ್ಟುಹೋಗಲು ಬಂದಿದ್ದವರೇ ಆರೈಕೆ ಕಲಿತು ಕರೆದುಕೊಂಡು ಹೋದರು. ದೂರದ ಮಾತೇಕೆ, ನಮ್ಮ ಬಳ್ಳಾರಿಯಲ್ಲೇ 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಚಿಕಿತ್ಸೆಯನ್ನು ಹಳ್ಳಿಗೆ ಒಯ್ದರು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ಮಾದರಿ. ಓಣಿ ಸುತ್ತುವುದನ್ನು ಹಗುರವಾಗಿ ಕಾಣುವ ನಿಮ್ಮ ಮನೆಯವರಿಗೆ ಇದನ್ನು ಓದಿ ಹೇಳಿ. ಕಾನೂನೇ ಬೇಕೆಂದರೆ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಮನೋವೈದ್ಯಕೀಯ ಸಮಾಜಕಾರ್ಯಕರ್ತರಿಗೆ ಪ್ರತ್ಯೇಕ ವ್ಯಾಖ್ಯೆಯೇ ಇದೆ. ಅದಕ್ಕೆ ಎಂ.ಎಸ್.ಡಬ್ಲ್ಯು. ಸಾಲದು, ಎಂ.ಫಿಲ್. ಕೂಡ ಬೇಕು, ಈಗಲೇ ಗಮನದಲ್ಲಿರಲಿ.

ನಿಮ್ಮನ್ನೂ ಸ್ವಲ್ಪ ಗದರಿಸಬೇಕಿದೆ. ಪತ್ರದಲ್ಲಿ ‘ಎಲ್ಲರನ್ನೂ ಒಂದೇ ರೀತಿ ನೋಡುತ್ತೇನೆ’ ಎಂದು ಹೆಮ್ಮೆಯಿಂದ ಬರೆದಿದ್ದೀರಿ. ಹಾಗೆ ನೋಡಬೇಡಿ. ಕಿವಿ ಕೇಳದವನಿಗೆ ಸನ್ನೆ ಭಾಷೆ ಬೇಕು, ಗಾಲಿಕುರ್ಚಿಯವಳಿಗೆ ಇಳಿಜಾರು ಬೇಕು. ‘ಮಗ ಗಂಡಸನ್ನು ಪ್ರೀತಿಸುತ್ತಾನೆ, ಸರಿಮಾಡಿ ಕೊಡಿ’ ಎಂದು ಬರುವ ತಂದೆಗೆ, ಅದು ಕಾಯಿಲೆಯೇ ಅಲ್ಲವೆಂದು ಹೇಳುವ ಗಟ್ಟಿತನ ಬೇಕು. ಸುಪ್ರೀಂ ಕೋರ್ಟ್ 2018ರಲ್ಲೇ ಆ ಪ್ರೀತಿಯನ್ನು ಅಪರಾಧದ ಪಟ್ಟಿಯಿಂದ ತೆಗೆದಿದೆ. ಬದಲಿಸಿಕೊಡುತ್ತೇವೆ ಎಂಬ ಚಿಕಿತ್ಸೆ ವೃತ್ತಿದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ಆದರೂ ಅಂಥ ತಂದೆಯ ಕೈಗೆ ಕೊಡಲು ಕನ್ನಡದಲ್ಲಿ ಒಂದು ಕರಪತ್ರ ಹುಡುಕಿ ನೋಡಿ, ಸುಸ್ತಾಗುತ್ತೀರಿ. ನೋವು ಹೇಳಿಕೊಳ್ಳಲು ನೂರು ಮಾತಿರುವ ಭಾಷೆಯಲ್ಲಿ ಮದ್ದಿನ ಮಾತೆಲ್ಲ ಇಂಗ್ಲಿಷಿನಲ್ಲೇ ಮುದ್ರಣವಾಗುತ್ತಿದೆ. ಕ್ಷೇತ್ರಕಾರ್ಯ ಶುರುವಾದ ಮೇಲೆ ಜನರ ಬಾಯಿಂದ ಕೇಳಿದ ಮಾತುಗಳನ್ನು ಬರೆದಿಟ್ಟುಕೊಂಡು ನಮಗೆ ಕಳುಹಿಸಿ, ಜಾಗ ಕೊಡುತ್ತೇನೆ.

ಚಿಕ್ಕಮ್ಮನ ಇಸಿಜಿಯಲ್ಲಿ ಏನೂ ತೊಂದರೆ ಕಾಣಲಿಲ್ಲ.